ಇಡೀ ತರಗತಿಗೊಂದು ಬಹುಮಾನ: ಐದು ಪದ್ಧತಿಗಳನ್ನು ಬಳಸಿ ನೋಡಿದ ಮೇಲೆ

ವಿಶೇಷ ಅಗತ್ಯವುಳ್ಳ ಮಕ್ಕಳು ಸಾಮಾನ್ಯ ತರಗತಿಯಲ್ಲಿ ಉಳಿದವರೊಂದಿಗೆ ಕುಳಿತು ಕಲಿಯುವಾಗ ಅವರ ನಡವಳಿಕೆಗೂ ಕಲಿಕೆಗೂ ಒತ್ತಾಸೆಯಾಗಿರಲೆಂದು, ಇಡೀ ತರಗತಿಗೆ ಒಟ್ಟಾಗಿ ಬಹುಮಾನ ಕೊಡುವ ಪದ್ಧತಿಗಳು ಹಲವು ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು ಕಳೆದ ಎರಡು ಶೈಕ್ಷಣಿಕ ವರ್ಷಗಳಲ್ಲಿ, ತರಗತಿ ಶಿಕ್ಷಕಿಯೊಬ್ಬರ ಪಕ್ಕದಲ್ಲಿ ವಿಶೇಷ ಶಿಕ್ಷಕಿಯಾಗಿ ನಿಂತು, ಒಂದಾದ ಮೇಲೆ ಒಂದರಂತೆ ಬಳಸಿ ನೋಡಿದ್ದೇನೆ. ಗೋಲಿ ತುಂಬುವ ಜಾಡಿ, ಗುಡ್ ಬಿಹೇವಿಯರ್ ಗೇಮ್ ಎಂಬ ತಂಡದ ಆಟದ ಸಿದ್ಧ ಕಿಟ್, ಒಬ್ಬ ವಿದ್ಯಾರ್ಥಿ ಗಳಿಸಿದ್ದನ್ನು ಎಲ್ಲರಿಗೂ ಹಂಚುವ ಕ್ರಮ, ಅಂಕ ಕೊಡುವ ಆಪ್ ಮತ್ತು ಸಹಪಾಠಿಗಳ ಒಳ್ಳೆಯ ಕೆಲಸಗಳನ್ನು ಬರೆದು ಹಾಕುವ ಪೆಟ್ಟಿಗೆ, ಇವೇ ಆ ಐದು. ತರಗತಿಯಲ್ಲಿ ಒಂಬತ್ತು, ಹತ್ತು ವರ್ಷದ 34 ಮಕ್ಕಳಿದ್ದರು. ಅವರಲ್ಲಿ ಒಬ್ಬ ಹುಡುಗನಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ), ಒಬ್ಬ ಹುಡುಗಿಗೆ ಆಟಿಸಂ (ಬೆರೆಯುವುದೂ ಸಂವಹನವೂ ಬೇರೆ ರೀತಿಯಲ್ಲಿರುವ ಸ್ಥಿತಿ), ಇಬ್ಬರಿಗೆ ಡಿಸ್ಲೆಕ್ಸಿಯಾ (ಓದು ಬರಹದ ತೊಡಕು). ಇನ್ನೊಬ್ಬ ಹುಡುಗಿ ಶ್ರವಣ ಸಾಧನ ಹಾಕಿಕೊಳ್ಳುವವಳು. ಗದ್ದಲ ಎಷ್ಟು ಕಡಿಮೆಯಾಯಿತು ಎಂಬುದನ್ನು ನಾನು ಗಮನಿಸಿದ್ದೇನಾದರೂ ಪದ್ಧತಿಗಳನ್ನು ತೂಗಿದ್ದು ಅದರಿಂದಲ್ಲ. ಬಹುಮಾನ ಕೈತಪ್ಪಿದ ದಿನ ಉಳಿದ ಮಕ್ಕಳು ಆ ಐವರ ಕಡೆಗೆ ಹೇಗೆ ನೋಡುತ್ತಾರೆ ಎಂಬುದೇ ನನ್ನ ಅಳತೆಗೋಲಾಗಿತ್ತು.

ಮಾರುವವರು ಎಲ್ಲವನ್ನೂ ‘ಗುಂಪು ಬಹುಮಾನ’ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಾರಾದ್ದರಿಂದ ಅವುಗಳ ಬಗೆಯನ್ನು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು. ಲಿಟೋ ಮತ್ತು ಪಮ್ರಾಯ್ ಎಂಬ ಇಬ್ಬರು ಸಂಶೋಧಕರು 1975ರಲ್ಲಿ ಮಾಡಿದ ವಿಂಗಡಣೆಯೇ ಇಂದಿಗೂ ಚಾಲ್ತಿಯಲ್ಲಿದೆ. ನಿಯಮ ಎಲ್ಲರಿಗೂ ಒಂದೇ ಆಗಿದ್ದು, ಯಾರು ಪಾಲಿಸುತ್ತಾರೋ ಅವರಿಗಷ್ಟೇ ಬಹುಮಾನ ಸಿಗುವುದು ಮೊದಲನೆಯ ಬಗೆ. ಒಬ್ಬರ ಅಥವಾ ಕೆಲವರ ಸಾಧನೆಯ ಮೇಲೆ ಎಲ್ಲರ ಬಹುಮಾನವೂ ನಿಂತಿರುವುದು ಎರಡನೆಯದು. ಎಲ್ಲರ ನಡವಳಿಕೆಯ ಒಟ್ಟು ಮೊತ್ತದ ಮೇಲೆ ಎಲ್ಲರಿಗೂ ಬಹುಮಾನ ಸಿಗುವುದು ಅಥವಾ ಎಲ್ಲರಿಗೂ ತಪ್ಪುವುದು ಮೂರನೆಯದು. ಮೊದಲನೆಯ ಬಗೆಯಲ್ಲಿ ನಮ್ಮ ಎಡಿಎಚ್‌ಡಿ ಹುಡುಗನಂಥವರು ವಾರಗಟ್ಟಲೆ ಬರಿಗೈಯಲ್ಲಿ ಕುಳಿತು ಉಳಿದವರ ಸ್ಟಿಕ್ಕರ್‌ಗಳನ್ನು ನೋಡುತ್ತಿರುತ್ತಾರೆ. ಅದಕ್ಕಾಗಿಯೇ ನಾವು ಉಳಿದ ಎರಡರ ಕಡೆಗೆ ಬಂದೆವು. ಅಲ್ಲಿಗೆ ಬಂದ ಮೇಲೆ ತಿಳಿದದ್ದೇನೆಂದರೆ, ಒಂಟಿಯಾಗಿ ಸೋಲುವುದಕ್ಕಿಂತ ಎಲ್ಲರನ್ನೂ ಸೋಲಿಸಿದವನೆಂಬ ಹೆಸರು ಹೊರುವುದು ಮಗುವಿಗೆ ಹೆಚ್ಚು ಭಾರ.

ಜಾಡಿಯಿಂದ ಆರಂಭಿಸುತ್ತೇನೆ, ಏಕೆಂದರೆ ಅದು ಎಲ್ಲಕ್ಕಿಂತ ಸರಳ ಮತ್ತು ಎಲ್ಲರಿಗೂ ಪರಿಚಿತ. ತರಗತಿಯಲ್ಲಿ ಯಾರಾದರೂ ಒಳ್ಳೆಯದನ್ನು ಮಾಡಿದಾಗ ಶಿಕ್ಷಕರು ಒಂದು ಗೋಲಿಯನ್ನು ಜಾಡಿಗೆ ಹಾಕುತ್ತಾರೆ. ಜಾಡಿ ತುಂಬಿದ ದಿನ ಎಲ್ಲರಿಗೂ ಮೊದಲೇ ಗೊತ್ತುಮಾಡಿದ ಬಹುಮಾನ. ಇದರ ದೊಡ್ಡ ಗುಣವೆಂದರೆ ಎಣಿಕೆ ಬಾರದ ಮಗುವಿಗೂ ಗುರಿ ಎಷ್ಟು ದೂರವಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಓದಲು ಕಷ್ಟಪಡುವ ನಮ್ಮ ಇಬ್ಬರು ಮಕ್ಕಳು ಗೋಡೆಯ ಮೇಲಿನ ಯಾವ ಪಟ್ಟಿಯ ಕಡೆಗೂ ತಿರುಗಿ ನೋಡದವರು, ಜಾಡಿಯ ಮಟ್ಟವನ್ನು ಮಾತ್ರ ಬೆಳಿಗ್ಗೆ ಬಂದ ಕೂಡಲೇ ನೋಡುತ್ತಿದ್ದರು.

ಆದರೆ ನಾವು ತಂದಿದ್ದ ಜಾಡಿ ದೊಡ್ಡದು. ತುಂಬಲು ಮೂರು ವಾರ ಬೇಕಾಯಿತು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ತಡವಾಗಿ ಬರುವ ಬಹುಮಾನಕ್ಕೆ ಈ ಕ್ಷಣದ ನಡವಳಿಕೆಯನ್ನು ಹಿಡಿದಿಡುವ ಶಕ್ತಿ ಬಹಳ ಕಡಿಮೆ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ತಿಳಿದ ವಿಷಯ. ನಮ್ಮ ಹುಡುಗನ ಉತ್ಸಾಹ ಎರಡನೆಯ ದಿನಕ್ಕೇ ಇಳಿದುಹೋಯಿತು. ಎರಡು ದಿನದೊಳಗೆ ತುಂಬುವಷ್ಟು ಚಿಕ್ಕ ಜಾಡಿಯನ್ನು ಇಟ್ಟು, ಬಹುಮಾನವನ್ನೂ ಅದಕ್ಕೆ ತಕ್ಕಂತೆ ಚಿಕ್ಕದು ಮಾಡಿದ ಮೇಲೆ ಅವನು ಮತ್ತೆ ಆಟಕ್ಕೆ ಬಂದ. ಇನ್ನೊಂದು ತೊಂದರೆ ಶಬ್ದದ್ದು. ಗಾಜಿನ ಜಾಡಿಗೆ ಗೋಲಿ ಬೀಳುವ ಟಣ್ ಎಂಬ ಸದ್ದು ಉಳಿದವರಿಗೆ ಹಬ್ಬವಾದರೆ, ಚುರುಕು ಸದ್ದುಗಳನ್ನು ಹಿಗ್ಗಿಸಿ ಕೇಳಿಸುವ ಶ್ರವಣ ಸಾಧನ ಹಾಕಿಕೊಂಡವಳಿಗೆ ಅದು ಕಿವಿಗೆ ಚುಚ್ಚಿದಂತೆ, ಸದ್ದಿಗೆ ಬೆಚ್ಚುವ ಆಟಿಸಂ ಹುಡುಗಿಗೆ ಪ್ರತಿ ಸಲವೂ ಒಂದು ಆಘಾತ. ಇದನ್ನು ಅರಿಯಲು ನಮಗೆ ನಾಲ್ಕು ದಿನ ಬೇಕಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಗಾಜಿನ ಬದಲು ಪ್ಲಾಸ್ಟಿಕ್ ಡಬ್ಬ, ಗೋಲಿಯ ಬದಲು ಉಣ್ಣೆಯ ಉಂಡೆಗಳು ಬಂದವು. ಸದ್ದು ಹೋಯಿತು, ಕೆಲಸ ನಡೆಯಿತು.

ಜಾಡಿಯ ವಿಷಯದಲ್ಲಿ ಒಂದು ನಿಯಮವನ್ನು ಮಾತ್ರ ಯಾವ ಕಾರಣಕ್ಕೂ ಸಡಿಲಿಸಬಾರದು: ಒಳಗೆ ಬಿದ್ದ ಗೋಲಿಯನ್ನು ಹೊರಗೆ ತೆಗೆಯಕೂಡದು. ನಮ್ಮ ತರಗತಿ ಶಿಕ್ಷಕಿ ಒಮ್ಮೆ ಬೇಸರದಲ್ಲಿ ಎರಡು ಗೋಲಿಗಳನ್ನು ತೆಗೆದರು. ಅವರು ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಏಕೆಂದರೆ ಗದ್ದಲ ಯಾವ ಬೆಂಚಿನಿಂದ ಬಂದಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಬಿಡುವಿನ ವೇಳೆಯಲ್ಲಿ ‘ನಿನ್ನಿಂದಲೇ ಹೋಯ್ತು ಕಣೋ’ ಎಂಬ ಮಾತು ನನ್ನ ಕಿವಿಗೆ ಬಿತ್ತು. ಅದಕ್ಕೆ ಮುಂಚಿನ ಎರಡು ವಾರಗಳಲ್ಲಿ ಆ ಹುಡುಗನ ಹೆಸರಿನಲ್ಲಿ ಬಿದ್ದ ಗೋಲಿಗಳೆಷ್ಟು ಎಂಬುದನ್ನು ಯಾರೂ ನೆನಪಿಟ್ಟಿರಲಿಲ್ಲ.

ಗುಡ್ ಬಿಹೇವಿಯರ್ ಗೇಮ್ ಈ ಐದರಲ್ಲಿ ಅತಿ ಹೆಚ್ಚು ಸಂಶೋಧನೆಗೆ ಒಳಗಾದದ್ದು, ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹ್ಯಾರಿಯೆಟ್ ಬ್ಯಾರಿಷ್, ಮ್ಯೂರಿಯಲ್ ಸಾಂಡರ್ಸ್ ಮತ್ತು ಮಾಂಟ್ರೋಸ್ ವುಲ್ಫ್ ಎಂಬುವರು 1969ರಲ್ಲಿ ಅಮೆರಿಕದ ನಾಲ್ಕನೆಯ ತರಗತಿಯೊಂದರಲ್ಲಿ ಇದನ್ನು ನಡೆಸಿದ ವರದಿಯನ್ನು ಪ್ರಕಟಿಸಿದರು. ಆ ತರಗತಿಯಲ್ಲಿ 24 ಮಕ್ಕಳು; ಅವರಲ್ಲಿ ಏಳು ಮಂದಿಯ ನಡವಳಿಕೆಯ ಬಗ್ಗೆ ಮೊದಲೇ ದೂರುಗಳಿದ್ದವು. ತರಗತಿಯನ್ನು ಎರಡು ತಂಡಗಳಾಗಿ ಮಾಡಿ, ಗಣಿತ ಮತ್ತು ಓದಿನ ಅವಧಿಗಳಲ್ಲಿ ಯಾರಾದರೂ ಅನುಮತಿಯಿಲ್ಲದೆ ಎದ್ದು ಓಡಾಡಿದರೆ ಅಥವಾ ನಡುವೆ ಬಾಯಿ ಹಾಕಿದರೆ ಆ ತಂಡದ ಹೆಸರಿನ ಕೆಳಗೆ ಕಪ್ಪುಹಲಗೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಕಡಿಮೆ ಗೆರೆ ಬಿದ್ದ ತಂಡ ಗೆದ್ದಂತೆ. ಎರಡೂ ತಂಡಗಳು ಐದು ಗೆರೆಗಳನ್ನು ಮೀರದಿದ್ದರೆ ಎರಡೂ ಗೆದ್ದಂತೆ. ಗೆದ್ದವರಿಗೆ ಸಾಲಿನಲ್ಲಿ ಮೊದಲು ನಿಲ್ಲುವ ಅವಕಾಶ, ದಿನದ ಕೊನೆಯಲ್ಲಿ ಅರ್ಧ ಗಂಟೆಯ ಬಿಡುವು ಮುಂತಾದ ಸವಲತ್ತುಗಳು. ಗದ್ದಲ ಬಹಳ ಬೇಗ, ಬಹಳ ಮಟ್ಟಿಗೆ ಇಳಿಯಿತು. ಗಣಿತದ ಅವಧಿಯಲ್ಲಿ ಆಟವನ್ನು ನಿಲ್ಲಿಸಿ ನೋಡಿದಾಗ ಮತ್ತೆ ಏರಿತು.

ಇದು ಕೆಲಸ ಮಾಡುವ ಬಗೆ ಹೀಗೆ. ತರಗತಿಯಲ್ಲಿ ಚೇಷ್ಟೆ ಮಾಡುವ ಮಗುವಿಗೆ ಶಿಕ್ಷಕರ ಬೈಗುಳಕ್ಕಿಂತ ಸಹಪಾಠಿಗಳ ನಗುವೇ ದೊಡ್ಡ ಸಂಭಾವನೆ. ಆ ನಗುವನ್ನು ಶಿಕ್ಷಕರು ಕಸಿದುಕೊಳ್ಳಲಾರರು, ಗುಂಪೇ ಅದನ್ನು ಹಿಂತೆಗೆದುಕೊಳ್ಳಬೇಕು. ಬಹುಮಾನ ಗುಂಪಿನದಾದಾಗ ನಗುವುದು ಗುಂಪಿಗೆ ದುಬಾರಿಯಾಗುತ್ತದೆ. ನಮ್ಮ ತರಗತಿಯಲ್ಲೂ ಮೊದಲ ವಾರವೇ ಈ ಬದಲಾವಣೆ ಕಂಡಿತು. ಹುಡುಗ ಎಂದಿನಂತೆ ಪೆನ್ಸಿಲ್ ಬೀಳಿಸಿ ಡೆಸ್ಕಿನ ಕೆಳಗೆ ನುಸುಳಿದಾಗ ಯಾರೂ ನಗಲಿಲ್ಲ. ಅವನು ತಲೆಯೆತ್ತಿ ಒಮ್ಮೆ ಸುತ್ತ ನೋಡಿ ತಾನಾಗಿ ಮೇಲೆ ಬಂದು ಕುಳಿತ.

ಆದರೆ 1969ರ ಆ ವರದಿಯಲ್ಲೇ ಒಂದು ಪ್ರಸಂಗವಿದೆ, ಕಿಟ್ ಮಾರುವವರ ಕೈಪಿಡಿಯಲ್ಲಿ ನನಗೆ ಅದು ಕಾಣಲಿಲ್ಲ. ಒಂದು ತಂಡದ ಇಬ್ಬರು ಮಕ್ಕಳು ತಾವಿನ್ನು ಈ ಆಟ ಆಡುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಇಬ್ಬರ ಸಲುವಾಗಿ ತಂಡವೆಲ್ಲ ಸೋಲುವುದು ನ್ಯಾಯವಲ್ಲವೆಂದು ಶಿಕ್ಷಕಿಯೂ ಉಳಿದ ಮಕ್ಕಳೂ ಪಟ್ಟು ಹಿಡಿದಾಗ, ಆ ಇಬ್ಬರನ್ನೇ ಬೇರೆ ತಂಡವಾಗಿ ಮಾಡಲಾಯಿತು. ಇಂದಿಗೂ ಹಲವರು ಕೊಡುವ ಸಲಹೆ ಅದೇ: ಪದೇ ಪದೇ ತಂಡವನ್ನು ಸೋಲಿಸುವ ಮಗುವನ್ನು ಒಂಟಿ ತಂಡವಾಗಿಸಿ. ವಿಶೇಷ ಅಗತ್ಯವುಳ್ಳ ಮಗುವಿನ ವಿಷಯದಲ್ಲಿ ಈ ಪರಿಹಾರವನ್ನು ನಾನು ಒಪ್ಪಲಾರೆ. ಜೊತೆಯಲ್ಲಿ ಕೂರಿಸುವುದಕ್ಕಾಗಿಯೇ ಸಾಮಾನ್ಯ ತರಗತಿಗೆ ಕರೆತಂದ ಮಗುವನ್ನು, ಜೊತೆಯಲ್ಲಿ ಆಡಿಸುವುದಕ್ಕಾಗಿಯೇ ಇರುವ ಆಟದಲ್ಲಿ ಒಂಟಿಯಾಗಿ ನಿಲ್ಲಿಸಿದರೆ ಉಳಿಯುವುದೇನು? ನಾವು ಬೇರೆ ದಾರಿ ಹಿಡಿದೆವು. ಆ ಹುಡುಗನನ್ನು ತಂಡದಲ್ಲೇ ಇಟ್ಟು, ಅವನ ಮಟ್ಟಿಗೆ ನಿಯಮವನ್ನೇ ಬೇರೆ ಬರೆದೆವು. ಅವನ ಡೆಸ್ಕಿನ ಸುತ್ತ ಟೇಪಿನಿಂದ ಒಂದು ಚೌಕ ಹಾಕಿ, ಅದರೊಳಗೆ ನಿಂತರೂ ಕುಳಿತರೂ ಓಲಾಡಿದರೂ ಅದು ಎದ್ದಂತಲ್ಲ ಎಂದು ಎಲ್ಲರೆದುರು ಹೇಳಿದೆವು. ಆಟಿಸಂ ಹುಡುಗಿ ಕೈಯಾಡಿಸುವುದನ್ನು, ಮೆಲ್ಲಗೆ ಗುನುಗುವುದನ್ನು ಗೆರೆಯ ಲೆಕ್ಕಕ್ಕೆ ತರುವಂತಿಲ್ಲವೆಂದು ನಿಯಮದಲ್ಲೇ ಸೇರಿಸಿದೆವು. ‘ಅವನಿಗೆ ಮಾತ್ರ ಯಾಕೆ ಮಿಸ್?’ ಎಂಬ ಪ್ರಶ್ನೆ ಬರುತ್ತದೆಂದು ಸಿದ್ಧವಾಗಿದ್ದೆವು. ಅದು ಬಂದದ್ದು ಒಂದೇ ಸಲ, ಅದೂ ಚೌಕದೊಳಗೆ ತನಗೂ ನಿಲ್ಲಬೇಕೆಂಬ ಆಸೆಯಿಂದ. ಮರುದಿನ ಇನ್ನೂ ಮೂರು ಚೌಕಗಳನ್ನು ಹಾಕಿ, ಯಾರು ಬೇಕಾದರೂ ಸರದಿಯಲ್ಲಿ ಬಳಸಲು ಬಿಟ್ಟೆವು.

ಈ ಆಟದ ಪರವಾಗಿ ಎದ್ದು ಕಾಣುವ ಸಾಕ್ಷ್ಯವೆಂದರೆ ಬಾಲ್ಟಿಮೋರ್ ನಗರದ್ದು. ಶೆಪರ್ಡ್ ಕೆಲಮ್ ಮತ್ತು ಸಂಗಡಿಗರು 1985–86ರಲ್ಲಿ 19 ಶಾಲೆಗಳ ಒಂದನೆಯ ತರಗತಿಗಳಲ್ಲಿ ಅಧ್ಯಯನ ಆರಂಭಿಸಿದರು. ಆಟ ಆಡಿದ ಮಕ್ಕಳನ್ನು ಆಡದವರೊಂದಿಗೆ ಹೋಲಿಸಿ ಅವರು 19ರಿಂದ 21ರ ವಯಸ್ಸಿಗೆ ಬರುವವರೆಗೂ ನೋಡಿದಾಗ, ಆರಂಭದಲ್ಲಿ ಅತಿ ಹೆಚ್ಚು ಆಕ್ರಮಣಕಾರಿಯಾಗಿದ್ದ ಗಂಡುಮಕ್ಕಳಲ್ಲಿ ಮಾದಕ ವಸ್ತುಗಳ ಚಟ ಕಡಿಮೆಯಿದ್ದದ್ದು ಕಂಡುಬಂತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪ್ರತಿ ಕಿಟ್‌ನ ಹೊದಿಕೆಯ ಮೇಲೂ ಒಂದಲ್ಲ ಒಂದು ರೂಪದಲ್ಲಿ ಕಾಣಬಹುದು. ಹೊದಿಕೆಯ ಮೇಲೆ ಕಾಣದಿರುವುದು ಇಂಗ್ಲೆಂಡಿನ ಪ್ರಯೋಗ. ಅಲ್ಲಿ 77 ಶಾಲೆಗಳಲ್ಲಿ ಎರಡು ವರ್ಷ ನಡೆದು 2018ರಲ್ಲಿ ವರದಿಯಾದ ಪ್ರಯೋಗದಲ್ಲಿ ಓದಿನಲ್ಲಾಗಲಿ ನಡವಳಿಕೆಯಲ್ಲಾಗಲಿ ಸರಾಸರಿ ಸುಧಾರಣೆ ಕಂಡುಬರಲಿಲ್ಲ. ಆಟವನ್ನು ಎಷ್ಟು ಸಲ, ಎಷ್ಟು ಹೊತ್ತು ಆಡಿಸಬೇಕಿತ್ತೋ ಅಷ್ಟು ಆಡಿಸಲಿಲ್ಲವೆಂಬುದೂ ಅದೇ ವರದಿಯಲ್ಲಿದೆ. ಶಿಕ್ಷಕಿಯಾಗಿ ಆ ಎರಡನೆಯ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಕೈಯಲ್ಲಿ ಪಾಠ, ಇನ್ನೊಂದು ಕೈಯಲ್ಲಿ ಗೆರೆ. ಪಾಠ ಮುಗಿಸುವ ಆತುರದಲ್ಲಿ ಮೊದಲು ಬಿಟ್ಟುಹೋಗುವುದು ಆಟವೇ.

ಕಿಟ್‌ನ ವಸ್ತುಗಳ ಬಗ್ಗೆ ಎರಡು ಮಾತು. ಟೈಮರ್ ಚೆನ್ನಾಗಿದೆ: ಉಳಿದ ಸಮಯ ಬಣ್ಣದ ಪಟ್ಟಿಯಾಗಿ ಕುಗ್ಗುತ್ತಾ ಹೋಗುವುದರಿಂದ ಗಡಿಯಾರ ನೋಡಲು ಬಾರದ ಮಕ್ಕಳಿಗೂ ಗೊತ್ತಾಗುತ್ತದೆ, ಮತ್ತು ಅದರ ಗಂಟೆಯನ್ನು ನಿಲ್ಲಿಸಿ ಬರೀ ಬೆಳಕಿನಿಂದ ಸೂಚಿಸುವ ವ್ಯವಸ್ಥೆಯಿದೆ. ನಿಯಮದ ಕಾರ್ಡುಗಳು ದಪ್ಪ ಕಾಗದದ್ದಾಗಿ ಬಾಳಿಕೆ ಬರುತ್ತವಾದರೂ ಅವುಗಳ ಮೇಲೆ ಬರೀ ಬರಹವಿದೆ, ಚಿತ್ರವಿಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳಿಗೂ ಸೂಕ್ತವೆಂದು ಬರೆದುಕೊಂಡ ಸಾಮಗ್ರಿಗೆ ಇದು ಸಣ್ಣ ಕೊರತೆಯಲ್ಲ. ಚಿತ್ರಗಳನ್ನು ನಾವೇ ಬರೆದು ಅಂಟಿಸಿದೆವು. ಸೋತ ತಂಡದ ಹೆಸರು ಬರೆಯಲೆಂದೇ ಒಂದು ದೊಡ್ಡ ಕೆಂಪು ಫಲಕ ಜೊತೆಗೆ ಬರುತ್ತದೆ. ಅದನ್ನು ಯಾರು, ಯಾವ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರೋ ತಿಳಿಯದು.

ಈ ಆಟದ ಈಚಿನ ರೂಪಗಳು ತಪ್ಪುಗಳನ್ನು ಎಣಿಸುವುದರಿಂದ ಹೊರಳಿ ಒಪ್ಪುಗಳನ್ನು ಎಣಿಸುವುದರ ಕಡೆಗೆ ಬಂದಿವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸಿಡಬ್ಲ್ಯು-ಫಿಟ್ ಎಂಬ ಪದ್ಧತಿಯಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಟೈಮರ್ ಸೂಚನೆ ಕೊಡುತ್ತದೆ, ಆ ಕ್ಷಣದಲ್ಲಿ ನಿಯಮ ಪಾಲಿಸುತ್ತಿರುವ ಪ್ರತಿ ತಂಡಕ್ಕೂ ಅಂಕ ಸಿಗುತ್ತದೆ. ಗುಂಪಿನ ಬಹುಮಾನವೊಂದರಿಂದಲೇ ಸುಧಾರಿಸದ ಮಗುವಿಗೆ ಸಹಾಯ ಕೇಳುವ ಕಾರ್ಡು, ತನ್ನ ನಡವಳಿಕೆಯನ್ನು ತಾನೇ ಗುರುತು ಹಾಕಿಕೊಳ್ಳುವ ಚೀಟಿ ಬೇರೆಯಾಗಿ ಇರುತ್ತವೆ. ನಾವು ನಮ್ಮ ಕಿಟ್‌ನ ಸಾಮಗ್ರಿಯನ್ನೇ ಇಟ್ಟುಕೊಂಡು ಎಣಿಕೆಯ ದಿಕ್ಕನ್ನು ಹೀಗೆ ತಿರುಗಿಸಿದೆವು. ತಂಡಗಳ ನಡುವಣ ಪೈಪೋಟಿಯನ್ನೂ ತೆಗೆದು, ಗೊತ್ತುಮಾಡಿದ ಮಟ್ಟ ಮುಟ್ಟಿದ ತಂಡಗಳೆಲ್ಲ ಗೆದ್ದಂತೆ ಎಂದು ಮಾಡಿದೆವು. ಗದ್ದಲದಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ. ಆದರೆ ಸೂಚನೆ ಬರುವ ಹೊತ್ತಿಗೆ ಪಕ್ಕದವಳು ಆಟಿಸಂ ಹುಡುಗಿಯ ಪುಸ್ತಕದ ಪುಟ ತಿರುಗಿಸಿ ಬೆರಳಿಟ್ಟು ತೋರಿಸುವುದು, ಹುಡುಗನ ಕೈಗೆ ಯಾರೋ ಸದ್ದಿಲ್ಲದೆ ಪೆನ್ಸಿಲ್ ಕೊಡುವುದು ಆರಂಭವಾಯಿತು. ಎಣಿಸುವುದು ತಪ್ಪಾದರೆ ಮಕ್ಕಳು ತಪ್ಪನ್ನು ಕಾಯುತ್ತಾರೆ, ಒಪ್ಪಾದರೆ ಒಪ್ಪನ್ನು ಒದಗಿಸುತ್ತಾರೆ.

ಮೂರನೆಯದು ಒಬ್ಬನ ಗಳಿಕೆಯನ್ನು ಎಲ್ಲರಿಗೂ ಹಂಚುವ ಕ್ರಮ. ಇದಕ್ಕೂ ಹಳೆಯ ಚರಿತ್ರೆಯಿದೆ. ಜೆರಾಲ್ಡ್ ಪ್ಯಾಟರ್ಸನ್ 1965ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಅತಿ ಚಟುವಟಿಕೆಯ ಒಬ್ಬ ಹುಡುಗನ ಡೆಸ್ಕಿನ ಮೇಲೆ ಒಂದು ಪೆಟ್ಟಿಗೆ ಇಟ್ಟಿದ್ದರು. ಅವನು ಗಮನವಿಟ್ಟು ಕೆಲಸ ಮಾಡಿದಂತೆಲ್ಲ ಅದರ ದೀಪ ಮಿನುಗುತ್ತಿತ್ತು, ಹೀಗೆ ಗಳಿಸಿದ್ದನ್ನು ಪಾಠದ ಕೊನೆಯಲ್ಲಿ ಸಹಪಾಠಿಗಳೊಂದಿಗೆ ಹಂಚಲಾಗುತ್ತಿತ್ತು. ನಾವು ದೀಪದ ಬದಲು ಮಣಿಗಳನ್ನು ಬಳಸಿದೆವು. ನಡೆದ ದಿನಗಳಲ್ಲಿ ಇದರಷ್ಟು ಸೊಗಸಾದದ್ದು ಬೇರೊಂದಿಲ್ಲ. ಎಂದೂ ಯಾರೂ ಆಟಕ್ಕೆ ಕರೆಯದ ಹುಡುಗ ಹತ್ತು ನಿಮಿಷದ ಹೆಚ್ಚುವರಿ ಬಿಡುವನ್ನು ಎಲ್ಲರಿಗೂ ತಂದುಕೊಟ್ಟಾಗ ಅವನ ಬೆನ್ನು ತಟ್ಟಲು ಸಾಲು ನಿಂತಿತ್ತು. ನಡೆಯದ ದಿನ ಒಂದೇ ಸಾಕಾಯಿತು. ಮಣಿಗಳು ಸಾಲದೆ ಹೋದಾಗ ಯಾರೂ ಬೈಯಲಿಲ್ಲ, ಎಲ್ಲರೂ ‘ಅಯ್ಯೋ’ ಎಂದರು. ಹುಡುಗ ಮರುದಿನ ಶಾಲೆಗೆ ಬರಲಿಲ್ಲ. ಆನಂತರ ಇದನ್ನು ಗುಟ್ಟಿನ ರೂಪಕ್ಕೆ ಬದಲಿಸಿದೆವು: ಆ ದಿನ ಯಾರ ನಡವಳಿಕೆಯನ್ನು ನೋಡಲಾಗುತ್ತಿದೆ ಎಂಬುದು ನಮ್ಮಿಬ್ಬರಿಗಷ್ಟೇ ಗೊತ್ತು, ಗೆದ್ದರೆ ಹೆಸರು ಹೇಳುತ್ತೇವೆ, ಗೆಲ್ಲದಿದ್ದರೆ ಚೀಟಿಯನ್ನು ಹರಿದುಹಾಕುತ್ತೇವೆ. ಮಕ್ಕಳು ಊಹಿಸಲು ನೋಡುತ್ತಾರೆ ಎಂಬುದು ನಿಜ, ಅದಕ್ಕಾಗಿ 34 ಹೆಸರುಗಳೂ ಡಬ್ಬದಲ್ಲಿರಬೇಕು, ಎಲ್ಲರ ಸರದಿಯೂ ನಿಜವಾಗಿಯೇ ಬರಬೇಕು. ಈ ಶಿಸ್ತು ಇಟ್ಟುಕೊಳ್ಳಲಾಗದವರು ಈ ಕ್ರಮದ ಗೊಡವೆಗೆ ಹೋಗದಿರುವುದೇ ಲೇಸು.

ಆಪ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪ್ರತಿ ಮಗುವಿಗೂ ಒಂದು ಮುದ್ದಾದ ಚಿತ್ರ, ಪಕ್ಕದಲ್ಲಿ ಅಂಕ, ಎಲ್ಲವೂ ದೊಡ್ಡ ಪರದೆಯ ಮೇಲೆ. ಶಿಕ್ಷಕರ ಕೆಲಸ ಹಗುರವಾಗುತ್ತದೆ, ವಾರದ ಲೆಕ್ಕ ತಾನಾಗಿ ಸಿದ್ಧವಾಗುತ್ತದೆ. ಯಾವ ಅವಧಿಯಲ್ಲಿ ಯಾವ ಮಗು ಕಷ್ಟಪಡುತ್ತದೆ ಎಂಬುದನ್ನು ನಾನು ಆ ಲೆಕ್ಕದಿಂದಲೇ ಕಂಡುಕೊಂಡೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಅಂಕ ಕಳೆಯುವ ಗುಂಡಿಯನ್ನು ಪೂರ್ತಿಯಾಗಿ ತೆಗೆದುಹಾಕುವ ಆಯ್ಕೆ ಅದರಲ್ಲಿರಲಿಲ್ಲ, ಮತ್ತು ತರಗತಿಯ ಮೊತ್ತದ ಪಕ್ಕದಲ್ಲೇ ಒಬ್ಬೊಬ್ಬರ ಅಂಕವೂ ಕಾಣುತ್ತಿತ್ತು. ಹೆಸರಿಗೆ ಗುಂಪು ಬಹುಮಾನ, ನೋಟಕ್ಕೆ ಒಬ್ಬೊಬ್ಬರ ಪಟ್ಟಿ. ಮಗುವಿನ ನಡವಳಿಕೆಯ ದಾಖಲೆ ಎಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂದು ಒಬ್ಬ ತಾಯಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮೂರು ವಾರದಲ್ಲಿ ನಿಲ್ಲಿಸಿದೆವು.

ಐದನೆಯದಾದ ಪೆಟ್ಟಿಗೆಯ ಮೂಲ 1990ರ ದಶಕದ ಕೊನೆಯಲ್ಲಿ ಕ್ರಿಸ್ಟೋಫರ್ ಸ್ಕಿನ್ನರ್ ಮತ್ತು ಸಂಗಡಿಗರು ರೂಪಿಸಿದ ‘ಟೂಟ್ಲಿಂಗ್’ ಎಂಬ ಕ್ರಮದಲ್ಲಿದೆ. ಚಾಡಿ ಹೇಳುವುದರ ತಲೆಕೆಳಗು ರೂಪವೆಂದರೆ ಸರಿಯಾದೀತು. ಸಹಪಾಠಿ ಮಾಡಿದ ಒಳ್ಳೆಯ ಕೆಲಸವೊಂದನ್ನು ಮಗು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತದೆ, ದಿನದ ಕೊನೆಗೆ ಶಿಕ್ಷಕರು ಕೆಲವನ್ನು ಓದುತ್ತಾರೆ, ಒಟ್ಟು ಚೀಟಿಗಳು ಗೊತ್ತಾದ ಸಂಖ್ಯೆ ಮುಟ್ಟಿದಾಗ ಎಲ್ಲರಿಗೂ ಬಹುಮಾನ. ಇದರಲ್ಲಿ ಯಾರೂ ಗುಂಪಿಗೆ ನಷ್ಟ ಮಾಡಲು ಸಾಧ್ಯವೇ ಇಲ್ಲ. ಚೀಟಿ ಬರಬಹುದು ಅಥವಾ ಬಾರದಿರಬಹುದು, ಬಂದದ್ದು ಹೋಗುವುದಿಲ್ಲ. ನನ್ನ ಅಳತೆಗೋಲಿಗೆ ಎಲ್ಲಕ್ಕಿಂತ ಚೆನ್ನಾಗಿ ಒಪ್ಪಿದ್ದು ಇದೇ.

ಹಾಗೆಂದು ದೋಷವಿಲ್ಲದ್ದೇನೂ ಅಲ್ಲ. ಮೊದಲ ಎರಡು ವಾರದ ಚೀಟಿಗಳನ್ನು ಸಂಜೆ ಕುಳಿತು ವಿಂಗಡಿಸಿದಾಗ ನಮ್ಮ ಐವರು ಮಕ್ಕಳ ಹೆಸರು ಎಷ್ಟೋ ಕಡೆ ಇತ್ತು, ಆದರೆ ಬಹುಪಾಲು ಒಂದೇ ರೀತಿಯಲ್ಲಿ: ಇಂಥವಳು ಅವಳಿಗೆ ಸಹಾಯ ಮಾಡಿದಳು, ಇಂಥವನು ಅವನಿಗೆ ಓದಿ ಹೇಳಿದ. ಸಹಾಯ ಪಡೆಯುವವರಾಗಿ ಅವರೆಲ್ಲ ಇದ್ದರು, ಮಾಡುವವರಾಗಿ ಯಾರೂ ಇರಲಿಲ್ಲ. ಇದು ಮಕ್ಕಳ ತಪ್ಪಲ್ಲ. ದೊಡ್ಡವರು ಆ ಮಕ್ಕಳ ಬಗ್ಗೆ ಮಾತಾಡುವ ಬಗೆಯನ್ನೇ ಅವರು ಕಲಿತಿದ್ದರು. ಅಂದಿನಿಂದ ಆ ಐವರು ಮಾಡುವ ಒಳ್ಳೆಯ ಕೆಲಸಗಳನ್ನು ಉಳಿದವರ ಕಣ್ಣಿಗೆ ಬೀಳುವಂತೆ ಮಾಡುವ ಕೆಲಸಕ್ಕೆ ನಾನು ಇಳಿದೆ. ತರಗತಿಯ ಗಿಡಗಳಿಗೆ ನೀರು ಹಾಕುವ ದಿನವನ್ನು ಒಮ್ಮೆಯೂ ಮರೆಯದವಳು ಆಟಿಸಂ ಹುಡುಗಿ. ಕೆಟ್ಟುಹೋದ ಪೆನ್ಸಿಲ್ ಮೆಂಡರನ್ನು ಬಿಚ್ಚಿ ಜೋಡಿಸಿದವನು ಡಿಸ್ಲೆಕ್ಸಿಯಾ ಇರುವ ಹುಡುಗ. ತುಟಿಯ ಚಲನೆ ನೋಡಿ ಮಾತು ಗ್ರಹಿಸುವ ಹುಡುಗಿ ಗದ್ದಲದ ಮೈದಾನದಲ್ಲಿ ದೂರದ ಗೆಳತಿಯ ಮಾತನ್ನು ಉಳಿದವರಿಗೆ ಹೇಳಬಲ್ಲಳು. ಇವನ್ನು ಪಾಠದ ನಡುವೆ ಸಹಜವಾಗಿ ಹೇಳುತ್ತಾ ಹೋದಂತೆ ಚೀಟಿಗಳ ಭಾಷೆ ನಿಧಾನವಾಗಿ ಬದಲಾಯಿತು. ಬರೆಯಲು ಕಷ್ಟಪಡುವ ಇಬ್ಬರಿಗೆ ಚಿತ್ರ ಬಿಡಿಸಿ ಹಾಕುವ ಅಥವಾ ನನ್ನ ಕಿವಿಯಲ್ಲಿ ಹೇಳಿ ಬರೆಸುವ ಅವಕಾಶ ಕೊಡದಿದ್ದರೆ ಅವರು ಈ ಪದ್ಧತಿಯಿಂದಲೇ ಹೊರಗುಳಿಯುತ್ತಿದ್ದರು ಎಂಬುದನ್ನೂ ಗಮನಿಸಬೇಕು.

ಬಹುಮಾನವೆಂಬುದೇ ಮಕ್ಕಳನ್ನು ಕೆಡಿಸುತ್ತದೆ ಎಂಬ ಆಕ್ಷೇಪವನ್ನು ಸಹೋದ್ಯೋಗಿಗಳು ಪ್ರತಿ ಸಭೆಯಲ್ಲೂ ಎತ್ತುತ್ತಾರೆ. ಅದು ತಳ್ಳಿಹಾಕುವಂಥದ್ದಲ್ಲ. ಲೆಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಇಷ್ಟಪಟ್ಟು ಚಿತ್ರ ಬಿಡಿಸುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಮಾತು ಕೊಟ್ಟು ಬಿಡಿಸಿದಾಗ ಅವರ ಆಸಕ್ತಿ ಆಮೇಲೆ ಕುಗ್ಗಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಕುಗ್ಗಿರಲಿಲ್ಲ. ಇದರಿಂದ ನಾನು ತಿಳಿದುಕೊಂಡದ್ದಿಷ್ಟು: ಮಗು ತಾನಾಗಿ ಇಷ್ಟಪಟ್ಟು ಮಾಡುವುದನ್ನು ಜಾಡಿಯ ಲೆಕ್ಕಕ್ಕೆ ತರಬಾರದು, ಮತ್ತು ಬಹುಮಾನ ಯಾವುದೆಂಬುದನ್ನು ಲಕೋಟೆಯಲ್ಲಿಟ್ಟು ಕೊನೆಯಲ್ಲಿ ತೆರೆಯುವುದು ಮೊದಲೇ ಸಾರುವುದಕ್ಕಿಂತ ಮೇಲು. ಆಟಿಸಂ ಇರುವ ಮಗುವಿಗೆ ಈ ಅನಿಶ್ಚಿತತೆಯೇ ಹಿಂಸೆಯಾಗಬಹುದಾದ್ದರಿಂದ ಅವಳಿಗೆ ಮಾತ್ರ ಲಕೋಟೆಯನ್ನು ಬೆಳಿಗ್ಗೆಯೇ ತೋರಿಸುತ್ತಿದ್ದೆವು. ಅವಳು ಗುಟ್ಟನ್ನು ಎಂದೂ ಬಿಟ್ಟುಕೊಡಲಿಲ್ಲ.

ಬಹುಮಾನದ ಆಯ್ಕೆಯಲ್ಲಿ ನಾವು ಮಾಡಿದ ತಪ್ಪುಗಳೂ ಕಡಿಮೆಯಲ್ಲ. ಮೊದಲ ಜಾಡಿ ತುಂಬಿದಾಗ ಕೊಟ್ಟದ್ದು ಹಾಡು ಹಾಕಿ ಕುಣಿಯುವ ಅರ್ಧ ಗಂಟೆ. ತರಗತಿಯೆಲ್ಲ ಕುಣಿಯಿತು, ಆಟಿಸಂ ಹುಡುಗಿ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತಳು. ತಾನೂ ದುಡಿದು ಗಳಿಸಿದ ಬಹುಮಾನ ಅವಳ ಪಾಲಿಗೆ ಶಿಕ್ಷೆಯಾಯಿತು. ಎರಡನೆಯ ಸಲ ತೋರಿಸಿದ ಕಾರ್ಟೂನಿಗೆ ಅಕ್ಷರರೂಪದ ಸಂಭಾಷಣೆ ಇರಲಿಲ್ಲ, ಶ್ರವಣ ಸಾಧನ ಹಾಕುವವಳು ಉಳಿದವರು ನಕ್ಕಾಗ ನಗುತ್ತಿದ್ದಳು. ಆ ಮೇಲೆ ಒಂದು ಬಹುಮಾನದ ಬದಲು ಒಂದೇ ಹೊತ್ತಿನಲ್ಲಿ ಮೂರು ಮೂಲೆಗಳನ್ನು ಮಾಡಿದೆವು: ಒಂದರಲ್ಲಿ ಆಟ, ಒಂದರಲ್ಲಿ ಚಿತ್ರ ಮತ್ತು ಜೋಡಿಸುವ ವಸ್ತುಗಳು, ಒಂದರಲ್ಲಿ ಸುಮ್ಮನೆ ಕೂರುವ ದಿಂಬುಗಳು. ದಿಂಬಿನ ಮೂಲೆಗೆ ಅತಿ ಹೆಚ್ಚು ಹೋದವರು ತರಗತಿಯ ಗಟ್ಟಿ ಬಾಯಿಯ ಹುಡುಗರೇ.

ಈಗ ಕೊಳ್ಳುವ ಅಥವಾ ಆರಂಭಿಸುವ ಯೋಚನೆಯಲ್ಲಿರುವವರಿಗೆ ನನ್ನ ತೀರ್ಮಾನವನ್ನು ಹೇಳುತ್ತೇನೆ. ಹೊಸದಾಗಿ ಆರಂಭಿಸುವವರು ಚಿಕ್ಕ ಜಾಡಿಯಿಂದ ಆರಂಭಿಸಲಿ. ಅದಕ್ಕೆ ತರಬೇತಿ ಬೇಡ, ಕೊಳ್ಳಬೇಕಾದ್ದೂ ಏನಿಲ್ಲ. ಗದ್ದಲವೇ ಮುಖ್ಯ ಸಮಸ್ಯೆಯಾಗಿರುವ, ಇಬ್ಬರು ಶಿಕ್ಷಕರಿರುವ ತರಗತಿಗೆ ತಂಡದ ಆಟ ತಕ್ಕದ್ದು, ಆದರೆ ಒಪ್ಪು ಎಣಿಸುವ ರೂಪದಲ್ಲಿ ಮತ್ತು ದಿನಕ್ಕೆ ಒಂದೆರಡು ಚಿಕ್ಕ ಅವಧಿಗಳಿಗೆ ಮಾತ್ರ. ಒಬ್ಬರೇ ಶಿಕ್ಷಕರಿರುವಲ್ಲಿ ಕಿಟ್ ಬೀರುವಿನಲ್ಲಿ ಉಳಿಯುವ ಸಂಭವವೇ ಹೆಚ್ಚು. ಗುಟ್ಟಿನ ಹೆಸರಿನ ಕ್ರಮ ಮಕ್ಕಳನ್ನು ಚೆನ್ನಾಗಿ ಬಲ್ಲ ಶಿಕ್ಷಕರಿಗೆ, ವರ್ಷದ ನಡುವಿನಿಂದಾಚೆಗೆ. ಆಪನ್ನು ಶಿಕ್ಷಕರ ಖಾಸಗಿ ಲೆಕ್ಕದ ಪುಸ್ತಕವಾಗಿ ಇಟ್ಟುಕೊಳ್ಳಬಹುದು, ಪರದೆಯ ಮೇಲೆ ಬೇಡ. ಚೀಟಿಯ ಪೆಟ್ಟಿಗೆ ಎಲ್ಲರಿಗೂ, ಎಂದಿಗೂ, ಚೀಟಿಗಳನ್ನು ಓದಿ ವಿಂಗಡಿಸುವ ತಾಳ್ಮೆಯಿದ್ದರೆ.

ನಮ್ಮ ತರಗತಿಯಲ್ಲಿ ಈ ವರ್ಷ ಉಳಿದುಕೊಂಡಿರುವುದು ಪೆಟ್ಟಿಗೆ ಮತ್ತು ಉಣ್ಣೆ ಉಂಡೆಗಳ ಡಬ್ಬ. ಗಣಿತದ ಅವಧಿಯಲ್ಲಿ ವಾರಕ್ಕೆ ಮೂರು ಸಲ ತಂಡದ ಆಟವೂ ಇದೆ. ಗುರಿ ಮುಟ್ಟದ ದಿನ ಯಾವ ತಂಡದ ಹೆಸರನ್ನೂ ಹೇಳುವುದಿಲ್ಲ. ಎಷ್ಟು ಬಾಕಿಯಿದೆ ಎಂದು ಹೇಳಿ, ಅಂದು ಗಳಿಸಿದ್ದನ್ನೆಲ್ಲ ನಾಳೆಯ ಲೆಕ್ಕಕ್ಕೆ ಸೇರಿಸುತ್ತೇವೆ. ಕಿಟ್‌ನ ಕೆಂಪು ಫಲಕದ ಹಿಂಬದಿ ಬಿಳಿಯಾಗಿತ್ತು. ಅದರ ಮೇಲೆ ಗಿಡಕ್ಕೆ ನೀರು ಹಾಕುವವರ ಸರದಿಯ ಪಟ್ಟಿ ಬರೆದಿದ್ದೇವೆ.